ಕಂದಾಯ, ಕಾಲರಾ ಮತ್ತು ಮಗಳ ಎರಡು ಕಟ್ಟು ಕಾರ್ಡು

ಮಗಳ ಇತಿಹಾಸ ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಎರಡು ಕಟ್ಟು ಕಾರ್ಡು. ಹಳದಿ ಕಾರ್ಡುಗಳಲ್ಲಿ ಇಂಗ್ಲೆಂಡಿನ ಅಂತರ್ಯುದ್ಧ. ನೀಲಿ ಕಾರ್ಡುಗಳಲ್ಲಿ ಕಾರ್ಖಾನೆ ನಗರಗಳ ಆರೋಗ್ಯ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ನಾನು ಕೇಳಬೇಕು, ಅವಳು ಹೇಳಬೇಕು. ನಡುವೆ ಒಂದು ಬುಟ್ಟಿ ಮಂಡಕ್ಕಿ. ದಾವಣಗೆರೆಯಲ್ಲಿ ಹುಟ್ಟಿದವಳು ಲೀಡ್ಸ್‌ನಲ್ಲಿ ಮನೆ ಮಾಡಿದರೂ ಸಂಜೆಯ ಮಂಡಕ್ಕಿ ಬಿಡುವುದಿಲ್ಲ.

"1642?"

"ಯುದ್ಧ ಶುರು. ನಾಟಿಂಗ್‌ಹ್ಯಾಮ್‌ನಲ್ಲಿ ರಾಜ ಬಾವುಟ ಏರಿಸಿದ."

"1649?"

"ರಾಜನ ತಲೆ ಕಡಿದರು."

"1848?"

"ಮೊದಲನೇ ಸಾರ್ವಜನಿಕ ಆರೋಗ್ಯ ಕಾಯ್ದೆ."

"1875?"

"ಅದರ ಮುಂದಿನ ದೊಡ್ಡದು. ಇದು ಕಡ್ಡಾಯ."

ಉಸಿರು ಬಿಡದೆ ಹೇಳಿದಳು. ಆಮೇಲೆ ಎರಡೂ ಕಟ್ಟುಗಳನ್ನು ಕೈಯಲ್ಲಿ ತೂಗಿ ನೋಡಿ ಕೇಳಿದಳು, "ಅಮ್ಮ, ಇವೆರಡನ್ನೂ ಒಂದೇ ಪರೀಕ್ಷೆಗೆ ಯಾಕೆ ಇಟ್ಟಿದ್ದಾರೆ? ಒಂದು ರಾಜನ ತಲೆ, ಇನ್ನೊಂದು ಚರಂಡಿ. ಸಂಬಂಧವೇ ಇಲ್ಲ."

"ಹೌದಲ್ವಾ" ಎಂದು ಮುಂದಿನ ಕಾರ್ಡು ಎತ್ತಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಆ ಒಂಬತ್ತು ದಿನ ಅವಳಿಗಿಂತ ಜಾಸ್ತಿ ನಾನೇ ಓದಿದೆ. ಅವಳು ಮಲಗಿದ ಮೇಲೆ ಅವಳ ಪುಸ್ತಕ ತೆಗೆದು ಕೂರುತ್ತಿದ್ದೆ.

ನನಗೆ ಇದು ಬರೀ ಮಗಳ ಪಾಠ ಅಲ್ಲ. ನಮ್ಮೂರನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಊರು. ನನ್ನ ಅಪ್ಪ ಒಂದು ಮಿಲ್‌ನಲ್ಲಿ ನೂಲಿನ ವಿಭಾಗದಲ್ಲಿದ್ದರು. ಪಾಳಿ ಮುಗಿಸಿ ಬಂದಾಗ ಹುಬ್ಬಿನ ಮೇಲೆ ಅರಳೆ ಕೂತಿರುತ್ತಿತ್ತು. ಕೆಮ್ಮು ಇತ್ತು, ಕೊನೆಯವರೆಗೂ ಹೋಗಲಿಲ್ಲ. ಶಾಲೆಯಲ್ಲಿ ಮೇಷ್ಟ್ರು 'ಕರ್ನಾಟಕದ ಮ್ಯಾಂಚೆಸ್ಟರ್' ಅಂದಾಗಲೆಲ್ಲ ನಮಗೆ ಹೆಮ್ಮೆ. ಆ ಅಸಲಿ ಮ್ಯಾಂಚೆಸ್ಟರ್‌ನಲ್ಲಿ ಜನ ಹೇಗೆ ಬದುಕಿದರು, ಹೇಗೆ ಸತ್ತರು ಅಂತ ನಾವು ಯಾರೂ ಕೇಳಲಿಲ್ಲ. ನಮ್ಮ ಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿ ಅಂದರೆ ಯಂತ್ರಗಳ ಪಟ್ಟಿ ಮತ್ತು ಅವನ್ನು ಕಂಡುಹಿಡಿದವರ ಹೆಸರು. ಹೊಂದಿಸಿ ಬರೆಯಿರಿ. ಅಷ್ಟೇ.

ಹಳದಿ ಕಟ್ಟಿನಿಂದ ಶುರು ಮಾಡುತ್ತೇನೆ.

ಒಂದನೇ ಚಾರ್ಲ್ಸ್ 1625ರಲ್ಲಿ ರಾಜನಾದ. ರಾಜನಿಗೆ ಅಧಿಕಾರ ಕೊಟ್ಟವನು ದೇವರು, ಹಾಗಾಗಿ ದೇವರಿಗೆ ಮಾತ್ರ ಲೆಕ್ಕ ಒಪ್ಪಿಸಬೇಕು ಎಂದು ನಂಬಿದವನು. ಪಾರ್ಲಿಮೆಂಟಿನ ಜೊತೆ ಜಗಳ ಆಯಿತು. 1629ರಿಂದ 1640ರವರೆಗೆ 11 ವರ್ಷ ಅದನ್ನು ಕರೆಯಲೇ ಇಲ್ಲ. ಆದರೆ ಹಣ ಬೇಕಲ್ಲ? ಹಳೆಯ ಒಂದು ತೆರಿಗೆ ಹುಡುಕಿದ. ಹಡಗು ತೆರಿಗೆ. ಕಡಲಿಂದ ಶತ್ರು ಬರುವ ಭಯ ಇದ್ದಾಗ ಕರಾವಳಿಯ ಊರುಗಳು ಹಡಗಿಗಾಗಿ ಕೊಡುತ್ತಿದ್ದ ಹಣ ಅದು. 1635ರಲ್ಲಿ ಅದನ್ನು ಕಡಲೇ ಕಾಣದ ಒಳನಾಡಿಗೂ ಹಾಕಿದ. ಪಾರ್ಲಿಮೆಂಟಿನ ಒಪ್ಪಿಗೆ ಕೇಳಲಿಲ್ಲ.

ಬಕಿಂಗ್‌ಹ್ಯಾಮ್‌ಶೈರ್‌ನ ಜಮೀನುದಾರ ಜಾನ್ ಹ್ಯಾಂಪ್ಡನ್ ಕೊಡುವುದಿಲ್ಲ ಅಂದ. ಮೊಕದ್ದಮೆ ನಡೆದದ್ದು ಬರೀ 20 ಷಿಲಿಂಗ್‌ಗೆ, ಅಂದರೆ ಒಂದು ಪೌಂಡ್‌ಗೆ. ಅವನಿಗೆ ಅದು ಕಾಸಲ್ಲ. ನನ್ನನ್ನು ಕೇಳದೆ ನನ್ನ ಜೇಬಿಗೆ ಕೈ ಹಾಕಬೇಡ ಅನ್ನುವುದು ಅವನ ತಕರಾರು. 12 ನ್ಯಾಯಾಧೀಶರಲ್ಲಿ ಏಳು ಜನ ರಾಜನ ಪರ, ಐದು ಜನ ಹ್ಯಾಂಪ್ಡನ್ ಪರ. ಹ್ಯಾಂಪ್ಡನ್ ಸೋತ. ಆದರೆ ಹನ್ನೆರಡರಲ್ಲಿ ಐದು ಜನ ರಾಜನ ವಿರುದ್ಧ ನಿಂತರು ಅನ್ನುವ ಸುದ್ದಿ ಊರೂರು ಮುಟ್ಟಿತು.

ಮುಂದಿನದು ಕಾರ್ಡಿನಲ್ಲಿ ಇರುವ ಹಾಗೆಯೇ. ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಯುದ್ಧ, ಯುದ್ಧಕ್ಕೆ ದುಡ್ಡಿಲ್ಲದೆ ಪಾರ್ಲಿಮೆಂಟ್ ಕರೆಯಬೇಕಾದ ಸ್ಥಿತಿ. 1642ರ ಜನವರಿ 4ರಂದು ಐದು ಸದಸ್ಯರನ್ನು ಹಿಡಿಯಲು ರಾಜ ತಾನೇ ಸಭೆಯೊಳಗೆ ನುಗ್ಗಿದ. ಅವರಲ್ಲಿ ಹ್ಯಾಂಪ್ಡನ್ ಕೂಡ ಒಬ್ಬ. ಅಷ್ಟರಲ್ಲಿ ಅವರು ಹೊರಟುಹೋಗಿದ್ದರು. ಎಲ್ಲಿ ಎಂದು ಕೇಳಿದಾಗ ಸ್ಪೀಕರ್ ಲೆಂಥಾಲ್ ಮಂಡಿಯೂರಿ ಹೇಳಿದ, ಈ ಸಭೆ ಹೇಳಿದ್ದನ್ನು ಬಿಟ್ಟರೆ ನನಗೆ ನೋಡಲು ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂದು. ಮಗಳಿಗೆ ಈ ಜಾಗ ಬಹಳ ಇಷ್ಟ. ಪ್ರತಿ ಸಲ ತಾನೂ ಮಂಡಿಯೂರಿಯೇ ಹೇಳುತ್ತಾಳೆ.

ಹಳದಿ ಕಾರ್ಡುಗಳಲ್ಲಿ ಯುದ್ಧಭೂಮಿಗಳ ಹೆಸರು ತುಂಬಿವೆ. ಎಜ್‌ಹಿಲ್, ಮಾರ್ಸ್ಟನ್ ಮೂರ್, ನೇಸ್ಬಿ. ಅವುಗಳಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಆ ಯುದ್ಧದಲ್ಲಿ ಕತ್ತಿ, ಗುಂಡುಗಳಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಜಾಸ್ತಿ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಸೈನ್ಯ ಹೋದಲ್ಲೆಲ್ಲ ಹೇನು ಹೋಯಿತು. ಹೇನಿನ ಜೊತೆ ಟೈಫಸ್ ಜ್ವರ ಹೋಯಿತು. 1643ರಲ್ಲಿ ರೆಡಿಂಗ್ ಊರಿನ ಮುತ್ತಿಗೆಯ ಹೊತ್ತಿಗೆ ಅದು ಪಾರ್ಲಿಮೆಂಟಿನ ಸೈನ್ಯವನ್ನು ಮಲಗಿಸಿತು. ರಾಜನ ಬಿಡಾರವಿದ್ದ ಆಕ್ಸ್‌ಫರ್ಡ್‌ನಲ್ಲೂ ಅದೇ ಜ್ವರ.

ನಮ್ಮ ಲೀಡ್ಸ್‌ಗೆ 1645ರಲ್ಲಿ ಪ್ಲೇಗ್ ಬಂತು. ಆಗ ಇದು ಉಣ್ಣೆ ಬಟ್ಟೆಯ ಒಂದು ಸಣ್ಣ ಪೇಟೆ. ಆ ಒಂದೇ ವರ್ಷ 1300ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಓದುವಾಗ ನನಗೆ ನಮ್ಮ ಕಡೆಯ ಹಿರಿಯರ ಮಾತು ನೆನಪಾಯಿತು. ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿ ಮಾಡಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ಯಾರ ಮನೆಯಲ್ಲಿ ಮೊದಲು ಇಲಿ ಬಿತ್ತು ಅನ್ನುವುದರಿಂದ ಆ ಕಥೆ ಶುರುವಾಗುತ್ತಿತ್ತು. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿ ಇದೆ. ಲೀಡ್ಸ್‌ನವರು ಚರ್ಚಿಗೆ ಹೋಗಿರಬೇಕು.

ಇನ್ನೂ ಒಂದು ಇದೆ. ಯುದ್ಧ ಸೋತ ಚಾರ್ಲ್ಸ್‌ನನ್ನು 1647ರಲ್ಲಿ ನ್ಯೂಕಾಸಲ್‌ನಿಂದ ದಕ್ಷಿಣಕ್ಕೆ ಸೆರೆಯಾಳಾಗಿ ಕರೆದೊಯ್ದರು. ದಾರಿಯಲ್ಲಿ ಲೀಡ್ಸ್‌ನ ರೆಡ್ ಹಾಲ್ ಎಂಬ ಮನೆಯಲ್ಲಿ ಇಳಿಸಿದ್ದರು. ಆ ಪ್ರಯಾಣದಲ್ಲಿ ರೋಗಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಕುತ್ತಿಗೆಯ ಗಂಟುಗಳು ಊದಿಕೊಳ್ಳುವ ಕ್ಷಯದ ಒಂದು ಬಗೆ ಇದೆ. ಅದನ್ನು 'ರಾಜನ ಕೆಡುಕು' ಅನ್ನುತ್ತಿದ್ದರು. ರಾಜ ಮುಟ್ಟಿದರೆ ವಾಸಿಯಾಗುತ್ತದೆ ಎಂದು ನಂಬಿಕೆ. ಕೈಯಲ್ಲಿ ಅಧಿಕಾರವಿಲ್ಲ, ಸುತ್ತ ಕಾವಲು, ಆದರೂ ಆ ಕೈ ತಮ್ಮ ಮಗುವಿನ ಕುತ್ತಿಗೆಯನ್ನು ಒಮ್ಮೆ ಮುಟ್ಟಲಿ ಎಂದು ತಾಯಂದಿರು ಕಾದಿರುತ್ತಾರಲ್ಲ, ಆ ಚಿತ್ರ ನನ್ನ ಕಣ್ಣಿಂದ ಹೋಗಲೇ ಇಲ್ಲ. ಬೇರೆ ದಾರಿ ಏನಿತ್ತು ಅವರಿಗೆ?

ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ ಹತ್ತಿರದ ಪುಟ್ನಿ ಎಂಬಲ್ಲಿ, ಒಂದು ಚರ್ಚಿನಲ್ಲಿ, ಗೆದ್ದ ಸೈನ್ಯದವರು ಸೇರಿದರು. ರಾಜನನ್ನಂತೂ ಸೋಲಿಸಿದೆವು, ಇನ್ನು ಈ ದೇಶವನ್ನು ಯಾರು ಆಳಬೇಕು? ಮತ ಯಾರಿಗೆ? ಕರ್ನಲ್ ರೇನ್ಸ್‌ಬರೋ ಎದ್ದು ಹೇಳಿದ ಮಾತು ಮಗಳ ಕಾರ್ಡಿನಲ್ಲೂ ಇದೆ. ಇಂಗ್ಲೆಂಡಿನ ಅತಿ ಬಡವನಿಗೂ ಅತಿ ದೊಡ್ಡವನ ಹಾಗೆಯೇ ಬಾಳಬೇಕಾದ ಒಂದು ಬಾಳು ಇದೆ. ಹಾಗಾಗಿ ಒಂದು ಸರ್ಕಾರದ ಕೆಳಗೆ ಬದುಕಬೇಕಾದವನು ಮೊದಲು ತಾನೇ ಒಪ್ಪಿ ಅದರ ಕೆಳಗೆ ಬರಬೇಕು.

ಎದುರು ನಿಂತವನು ಪಾರ್ಲಿಮೆಂಟ್ ಸೈನ್ಯದ ಮುಂದಾಳು ಕ್ರಾಮ್‌ವೆಲ್‌ನ ಅಳಿಯ ಐರ್ಟನ್. ಅವನು ಹೇಳಿದ್ದು ಇಷ್ಟು. ಈ ನಾಡಿನಲ್ಲಿ ಬೇರೂರಿದ ಆಸ್ತಿ ಇದ್ದವರು ಮಾತ್ರ ನಾಡಿನ ವಿಚಾರ ನಿರ್ಧರಿಸಬೇಕು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಇರುವ ಮನುಷ್ಯನಿಗೆ ಆ ಹಕ್ಕು ಹೇಗೆ ಬಂತು? ಆಸ್ತಿ ಇಲ್ಲದವರು ಮತ ಹಾಕಿದರೆ ನಾಳೆ ಆಸ್ತಿಗೇ ಕೈ ಹಾಕುತ್ತಾರೆ.

ಐರ್ಟನ್ ಮಾತೇ ಗೆದ್ದಿತು. ಒಂದು ವರ್ಷದ ನಂತರ ರೇನ್ಸ್‌ಬರೋನನ್ನು ಡಾಂಕಾಸ್ಟರ್‌ನಲ್ಲಿ ರಾಜನ ಕಡೆಯವರು ಕೊಂದರು. ಅದು ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆಯ ಊರು. ಆ ವಾದವನ್ನು ಬರೆದುಕೊಂಡಿದ್ದ ಹಾಳೆಗಳು ಆಕ್ಸ್‌ಫರ್ಡ್‌ನ ಒಂದು ಕಾಲೇಜಿನ ಲೈಬ್ರರಿ ಸೇರಿದವು. ಅಚ್ಚಾಗಿ ಹೊರಬಂದದ್ದು 1891ರಲ್ಲಿ.

1649ರ ಜನವರಿ 30. ಕೊರೆಯುವ ಚಳಿ. ನಡುಗಿದರೆ ಹೆದರಿದ ಅಂದುಕೊಂಡಾರು ಎಂದು ಚಾರ್ಲ್ಸ್ ಎರಡು ಅಂಗಿ ಹಾಕಿಕೊಂಡು ಬಂದ. ಕೊನೆಯ ಮಾತಿನಲ್ಲೂ ಅವನು ಬದಲಾಗಿರಲಿಲ್ಲ. ಪ್ರಜೆಗಳಿಗೆ ಒಳ್ಳೆಯ ಕಾನೂನು ಬೇಕು, ಆಳ್ವಿಕೆಯಲ್ಲಿ ಪಾಲು ಬೇಕಿಲ್ಲ, ಅದು ಅವರದ್ದಲ್ಲ ಎಂದ. ರಾಜ ಬೇರೆ, ಪ್ರಜೆ ಬೇರೆ ಎಂದ.

ಈ ಮೂರು ಮಾತು, ಚಾರ್ಲ್ಸ್‌ನದು, ಐರ್ಟನ್‌ನದು, ರೇನ್ಸ್‌ಬರೋನದು, ಇಟ್ಟುಕೊಂಡೇ ನಾನು ನೀಲಿ ಕಟ್ಟು ಬಿಚ್ಚಿದೆ.

ಲೀಡ್ಸ್‌ನ ಜನಸಂಖ್ಯೆ 1801ರಲ್ಲಿ 53 ಸಾವಿರ. 1851ರಲ್ಲಿ 1 ಲಕ್ಷ 72 ಸಾವಿರ. ಪಕ್ಕದ ಬ್ರಾಡ್‌ಫರ್ಡ್ ಅದೇ 50 ವರ್ಷದಲ್ಲಿ 13 ಸಾವಿರದಿಂದ 1 ಲಕ್ಷ ದಾಟಿತು. ಗಿರಣಿ ಬಂದಲ್ಲಿಗೆ ಜನ ಬಂದರು, ನಮ್ಮೂರಿಗೆ ಸುತ್ತಲ ಹಳ್ಳಿಗಳಿಂದ ಬಂದ ಹಾಗೆ. ಮನೆ ಕಟ್ಟಿಸಿದವರು ಬಾಡಿಗೆ ನೋಡಿದರು, ಚರಂಡಿ ನೋಡಲಿಲ್ಲ. ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಮನೆಗಳು. ಹಿಂಬಾಗಿಲಿಲ್ಲ, ಹಿತ್ತಿಲಿಲ್ಲ, ಒಂದೇ ಕಡೆ ಕಿಟಕಿ. ಒಳಗೊಳಗೆ ವಠಾರಗಳು. ವಠಾರಕ್ಕೆಲ್ಲ ಸೇರಿ ಒಂದೋ ಎರಡೋ ಕಕ್ಕಸು. ಮಧ್ಯದಲ್ಲಿ ತಿಪ್ಪೆ. ಅಂಥ ಬೆನ್ನಂಟು ಮನೆಗಳ ಸಾಲುಗಳು ಲೀಡ್ಸ್‌ನಲ್ಲಿ ಈಗಲೂ ಇವೆ. ಈಗ ನೀರಿದೆ, ಕರೆಂಟಿದೆ, ಜನ ನೆಮ್ಮದಿಯಾಗಿ ಇದ್ದಾರೆ. ನಾವು ಈ ಊರಿಗೆ ಬಂದ ಹೊಸದರಲ್ಲಿ ಅಂಥದೇ ಒಂದು ಮನೆಯಲ್ಲಿ ಎರಡು ವರ್ಷ ಇದ್ದೆವು. ಹಿಂದಿನ ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

ಕಾಲರಾ 1831ರ ಅಕ್ಟೋಬರ್‌ನಲ್ಲಿ ಸಂಡರ್‌ಲ್ಯಾಂಡ್ ಬಂದರಿಗೆ ಬಂತು. ಅದು ಹೊರಟದ್ದು ನಮ್ಮ ಬಂಗಾಳದಿಂದ. 1817ರಲ್ಲಿ ಅಲ್ಲಿ ಹಬ್ಬಿದ ರೋಗ ವ್ಯಾಪಾರದ ದಾರಿ, ಸೈನ್ಯದ ದಾರಿ ಹಿಡಿದು ರಷ್ಯಾ ಮುಟ್ಟಿ, ಅಲ್ಲಿಂದ ಇಲ್ಲಿಗೆ ಬಂತು. 1832ರ ಮೇ 26ರಂದು ಲೀಡ್ಸ್‌ನ ಬ್ಲೂ ಬೆಲ್ ಫೋಲ್ಡ್ ಎಂಬ ಇಕ್ಕಟ್ಟಿನ ವಠಾರದಲ್ಲಿ ಮೊದಲ ಸಾವು. ಐರಿಶ್ ನೇಕಾರನೊಬ್ಬನ ಎರಡು ವರ್ಷದ ಮಗು. ಆ ವರ್ಷ ಈ ಊರಿನಲ್ಲಿ 702 ಜನ ಸತ್ತರು.

ಕಾಲರಾ ಅಂದರೆ ಇಲ್ಲಿ ಎಲ್ಲ ಮಕ್ಕಳೂ ಲಂಡನ್‌ನ ಜಾನ್ ಸ್ನೋ ಹೆಸರು ಹೇಳುತ್ತಾರೆ. ಕಾಲರಾ ಕೊಳಕು ನೀರಿನಿಂದ ಹರಡುತ್ತದೆ ಎಂದು ತೋರಿಸಿದ ವೈದ್ಯ. ಅವನು ದೊಡ್ಡವನೇ. ಆದರೆ ನನ್ನ ಮನಸ್ಸು ನಿಂತದ್ದು ಲೀಡ್ಸ್‌ನ ರಾಬರ್ಟ್ ಬೇಕರ್ ಎಂಬ ವೈದ್ಯನ ಹತ್ತಿರ. ಸ್ನೋನ ಪ್ರಸಿದ್ಧ ನಕ್ಷೆಗೆ ಸುಮಾರು 20 ವರ್ಷ ಮೊದಲೇ, 1833ರಲ್ಲಿ, ಬೇಕರ್ ಲೀಡ್ಸ್‌ನ ಕಾಲರಾ ನಕ್ಷೆ ಮಾಡಿದ. ರೋಗ ಬಿದ್ದ ಬೀದಿಗಳನ್ನು ಗುರುತು ಹಾಕಿದ. ಚರಂಡಿ ಇಲ್ಲದ, ನೀರಿಲ್ಲದ, ಜನ ಕಿಕ್ಕಿರಿದ ಬೀದಿಗಳೇ ಅವು. ಗಬ್ಬುನಾತದ ಗಾಳಿಯಿಂದ ರೋಗ ಬರುತ್ತದೆ ಎಂಬ ಕಾಲ ಅದು. ಕಾರಣ ಅವನಿಗೂ ಸಿಕ್ಕಿರಲಿಲ್ಲ. ಆದರೆ ಯಾರು ಸಾಯುತ್ತಿದ್ದಾರೆ, ಎಲ್ಲಿ ಸಾಯುತ್ತಿದ್ದಾರೆ ಎಂದು ಬೆರಳಿಟ್ಟು ತೋರಿಸಿದ.

ಅವನು ಬರೆದ ಒಂದು ಜಾಗ ಬೂಟ್ ಅಂಡ್ ಶೂ ಯಾರ್ಡ್. ಕರ್ಕ್‌ಗೇಟ್ ಬೀದಿಯ ಒಂದು ವಠಾರ. 34 ಮನೆ, 340 ಜನ. ಕಾಲರಾದ ವರ್ಷ ಅಲ್ಲಿಂದ ಹೊರಗೆ ಸಾಗಿಸಿದ ಹೊಲಸು 75 ಗಾಡಿ. ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟದ್ದು. ಕರ್ಕ್‌ಗೇಟ್ ಅಂದರೆ ನಾವು ಶನಿವಾರ ಶನಿವಾರ ಸಂತೆಗೆ ಹೋಗುವ ಕಡೆ. ಹಸಿಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ ಸೊಪ್ಪು ಅಲ್ಲೇ ತರುವುದು. ಆ ಶನಿವಾರ ಚೀಲ ಹಿಡಿದು ನಡೆಯುವಾಗ ಮಗಳು ನಡುಬೀದಿಯಲ್ಲಿ ನಿಂತಳು. "ಅಮ್ಮ, 75 ಗಾಡಿ ಅಂದ್ರೆ ಎಷ್ಟಿರಬಹುದು?" ಅಂದಳು. ಈ ಪೂರ್ತಿ ಬೀದಿಯ ಉದ್ದಕ್ಕೂ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ನೋಡು ಅಂದೆ. ಇಬ್ಬರೂ ಸುಮ್ನೆ ನಿಂತು ನೋಡಿದೆವು.

1842ರಲ್ಲಿ ಎಡ್ವಿನ್ ಚಾಡ್ವಿಕ್ ಕೂಲಿಕಾರರು ಬದುಕುವ ಜಾಗಗಳ ಆರೋಗ್ಯದ ಬಗ್ಗೆ ತನ್ನ ದೊಡ್ಡ ವರದಿ ಕೊಟ್ಟ. ಬೇಕರ್ ಕೊಟ್ಟ ಲೀಡ್ಸ್ ನಕ್ಷೆಯೂ ಅದರಲ್ಲಿತ್ತು. ಆ ವರದಿಯ ಒಂದು ಲೆಕ್ಕ ಮಗಳ ಕಾರ್ಡಿನಲ್ಲಿ ಇದೆ. ಸಾಯುವಾಗಿನ ಸರಾಸರಿ ವಯಸ್ಸು. ಲೀಡ್ಸ್‌ನಲ್ಲಿ ಸ್ಥಿತಿವಂತರಿಗೆ 44, ವ್ಯಾಪಾರಿಗಳಿಗೆ 27, ಕೂಲಿಕಾರರಿಗೆ 19. ಮ್ಯಾಂಚೆಸ್ಟರ್‌ನಲ್ಲಿ 38, 20, 17. ಹಳ್ಳಿಗಾಡಾದ ರಟ್ಲೆಂಡ್‌ನಲ್ಲಿ 52, 41, 38.

"ಹಾಗಾದ್ರೆ ಮ್ಯಾಂಚೆಸ್ಟರ್‌ನಲ್ಲಿ ಎಲ್ಲರೂ 17ಕ್ಕೇ ಸಾಯ್ತಿದ್ರಾ? ನನಗಿಂತ ಎರಡೇ ವರ್ಷ ದೊಡ್ಡವರು?"

ಇಲ್ಲಿ ನಿಧಾನ ಮಾಡಬೇಕು ಅನಿಸಿತು. ಮಂಡಕ್ಕಿ ಬದಿಗಿಟ್ಟೆ. ಒಂದು ಹಾಳೆಯ ಮೇಲೆ ಹತ್ತು ಚುಕ್ಕಿ ಹಾಕಿದೆ. ಆರು ಚುಕ್ಕಿಗೆ ಸುತ್ತು ಹಾಕಿದೆ. ಹತ್ತು ಕೂಲಿಕಾರರ ಮಕ್ಕಳಲ್ಲಿ ಹತ್ತಿರ ಹತ್ತಿರ ಇಷ್ಟು ಮಕ್ಕಳು ಐದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ವರದಿ ಹೇಳುವುದು ನೂರಕ್ಕೆ 57ಕ್ಕೂ ಹೆಚ್ಚು. ಉಳಿದವರು 40, 50 ಬದುಕಿರಬಹುದು. ಎಲ್ಲ ಸೇರಿಸಿ ಭಾಗಿಸಿದಾಗ 17 ಬರುತ್ತದೆ. ಹಾಗಾಗಿ ಅದು ಹದಿನೇಳರ ಹುಡುಗರ ಸಂಖ್ಯೆ ಅಲ್ಲ, ಎಳೆಗೂಸುಗಳ ಸಂಖ್ಯೆ. ಅವಳು ಚುಕ್ಕಿಗಳನ್ನೇ ನೋಡುತ್ತಿದ್ದಳು. ಆಮೇಲೆ ತಾನೇ ಒಂದು ಕಂಡುಹಿಡಿದಳು. ಮ್ಯಾಂಚೆಸ್ಟರ್‌ನ ಸಾಹುಕಾರನ ಅಂಕಿ 38, ರಟ್ಲೆಂಡ್‌ನ ಕೂಲಿಯವನ ಅಂಕಿಯೂ 38. "ದುಡ್ಡಿದ್ದರೂ ಊರು ಬಿಡಲಿಲ್ಲ ಅಲ್ವಾ" ಅಂದಳು. ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಬಂತು ಈ ಪಾಠದ ದೊಡ್ಡ ಪ್ರಶ್ನೆ. ಇಷ್ಟೆಲ್ಲ ಗೊತ್ತಿದ್ದೂ ಸುಧಾರಣೆಗೆ ಯಾಕೆ ಅಷ್ಟು ತಡವಾಯಿತು? ಕಾರ್ಡಿನ ಹಿಂಬದಿಯಲ್ಲಿ ಒಂದೇ ಪದ, 'ಲೆಸ್ಸೇ ಫೇರ್'. ಸರ್ಕಾರ ತಲೆ ಹಾಕಬಾರದು ಎಂಬ ನಂಬಿಕೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಸಾಕಾಗಲಿಲ್ಲ.

1848ರ ಕಾಯ್ದೆಯನ್ನೇ ನೋಡಿ. ಮತ್ತೆ ಕಾಲರಾ ಬರುತ್ತಿದೆ ಎಂಬ ಭಯದಲ್ಲಿ ಮಾಡಿದ್ದು. ಊರುಗಳು ಬೇಕಾದರೆ ಆರೋಗ್ಯ ಮಂಡಳಿ ಮಾಡಿಕೊಳ್ಳಬಹುದು. ಅದಕ್ಕೆ ಕಂದಾಯ ಕೊಡುವವರಲ್ಲಿ ಹತ್ತರಲ್ಲಿ ಒಬ್ಬರು ಅರ್ಜಿ ಹಾಕಬೇಕು. ಸಾವಿರಕ್ಕೆ 23ಕ್ಕಿಂತ ಜಾಸ್ತಿ ಜನ ವರ್ಷಕ್ಕೆ ಸಾಯುತ್ತಿದ್ದರೆ ಮಾತ್ರ ಮೇಲಿನವರು ಬಲವಂತ ಮಾಡಬಹುದು. ಅರ್ಜಿ ಹಾಕಬೇಕಾದವರು ಯಾರು ನೋಡಿದಿರಾ? ಕಂದಾಯ ಕೊಡುವವರು. ಸಾಯುತ್ತಿದ್ದವರು ಯಾರು? ಬಾಡಿಗೆ ವಠಾರದವರು. ಚರಂಡಿ ಹಾಕಿದರೆ ಕಂದಾಯ ಏರುತ್ತದೆ. ನನ್ನ ಮನೆಗೆ ಚರಂಡಿ ಇದೆ, ಇನ್ನೊಬ್ಬರ ಹೊಲಸಿಗೆ ನಾನು ಯಾಕೆ ದುಡ್ಡು ಕೊಡಲಿ? ಹೀಗೆ ವಾದಿಸಿದವರನ್ನು ಜನ 'ಕೊಳಕು ಪಕ್ಷ' ಎಂದೇ ಕರೆದರು. 1854ರಲ್ಲಿ ಲಂಡನ್‌ನ ಟೈಮ್ಸ್ ಪತ್ರಿಕೆ, ಬೆದರಿಸಿ ನಮ್ಮನ್ನು ಆರೋಗ್ಯವಂತರನ್ನಾಗಿ ಮಾಡುವುದಕ್ಕಿಂತ ಕಾಲರಾ ಬಂದರೂ ಬರಲಿ ಎಂಬ ಅರ್ಥದಲ್ಲಿ ಬರೆಯಿತು. ಚಾಡ್ವಿಕ್‌ನನ್ನು ಅದೇ ವರ್ಷ ಕೇಂದ್ರ ಆರೋಗ್ಯ ಮಂಡಳಿಯ ಕೆಲಸದಿಂದ ಇಳಿಸಿದರು. ಅಷ್ಟರಲ್ಲಿ, 1849ರಲ್ಲಿ, ಲೀಡ್ಸ್‌ನಲ್ಲಿ ಎರಡನೇ ಕಾಲರಾಕ್ಕೆ 2000ಕ್ಕೂ ಹೆಚ್ಚು ಜನ ಬಲಿಯಾಗಿದ್ದರು.

ಇಲ್ಲಿ ನನಗೆ ಹ್ಯಾಂಪ್ಡನ್‌ನ 20 ಷಿಲಿಂಗ್ ನೆನಪಾಯಿತು. ಕೇಳದೆ ಜೇಬಿಗೆ ಕೈ ಹಾಕಬೇಡ. 1637ರಲ್ಲಿ ಅದು ಎದೆಗಾರಿಕೆಯ ಮಾತು. ಆ ಮಾತಿನಿಂದ ರಾಜನ ದರ್ಪ ಮುರಿಯಿತು. 200 ವರ್ಷದ ನಂತರ ಅದೇ ಮಾತು ಚರಂಡಿಗೆ ಅಡ್ಡ ನಿಂತಿತು. ಮಾತು ಬದಲಾಗಿಲ್ಲ. ಆಡುವವನು ಬದಲಾಗಿದ್ದಾನೆ. ಆಗ ಅದು ರಾಜನಿಗೆ ಎದುರು ನಿಂತವನ ಮಾತು. ಈಗ ಗೆದ್ದು ಮನೆ ಮಾಡಿಕೊಂಡವನ ಮಾತು. ಐರ್ಟನ್ ಪುಟ್ನಿಯಲ್ಲಿ ಹೇಳಿದ್ದ 'ಬೇರೂರಿದ ಆಸ್ತಿ ಇದ್ದವನು' ಇವನೇ.

ಮಗಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಅಮ್ಮ, ಅದು ನಿನ್ನ ಅಭಿಪ್ರಾಯ. ಸಾಕ್ಷಿ ಬೇಕು" ಅಂದಳು. ಇಲ್ಲಿನ ಶಾಲೆ ಅವಳಿಗೆ ಕಲಿಸಿದ ಒಳ್ಳೆಯ ಅಭ್ಯಾಸ ಅದು.

ಸಾಕ್ಷಿ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ರಾಜನನ್ನು ಕೊಂದ ಮೇಲೆ, ಕ್ರಾಮ್‌ವೆಲ್ ಕಾಲದ ಹೊಸ ಸಂವಿಧಾನದ ಪ್ರಕಾರ, 1654ರ ಪಾರ್ಲಿಮೆಂಟಿಗೆ ಲೀಡ್ಸ್ ಮತ್ತು ಮ್ಯಾಂಚೆಸ್ಟರ್‌ಗೆ ಮೊದಲ ಬಾರಿ ತಲಾ ಒಬ್ಬ ಸದಸ್ಯ ಸಿಕ್ಕಿದ. ಲೀಡ್ಸ್‌ನಿಂದ ಆಡಮ್ ಬೇನ್ಸ್, ಮ್ಯಾಂಚೆಸ್ಟರ್‌ನಿಂದ ಚಾರ್ಲ್ಸ್ ವರ್ಸ್‌ಲಿ. ಇಬ್ಬರೂ ಪಾರ್ಲಿಮೆಂಟ್ ಸೈನ್ಯದವರು. ಆದರೆ 1660ರಲ್ಲಿ ರಾಜಮನೆತನ ಮರಳಿತು. ಹಳೆಯ ಪಟ್ಟಿಯೇ ಮತ್ತೆ ಬಂತು. ಎರಡೂ ಊರುಗಳ ಸ್ಥಾನ ಹೋಯಿತು.

ಹೋದದ್ದು ಮರಳಿ ಬಂದದ್ದು ಯಾವಾಗ ಗೊತ್ತಾ? 1832ರಲ್ಲಿ. ನಡುವೆ 170 ವರ್ಷ. ಅಷ್ಟೂ ಕಾಲ, ಹೊಗೆಗೂಡುಗಳು ಎದ್ದು, ಲಕ್ಷ ಜನ ತುಂಬುವವರೆಗೂ, ಈ ಊರುಗಳಿಗೆ ಅಂತ ಪಾರ್ಲಿಮೆಂಟಿನಲ್ಲಿ ಒಬ್ಬನೂ ಇರಲಿಲ್ಲ. ಓಲ್ಡ್ ಸೇರಮ್ ಎಂಬ ಪಾಳುಬಿದ್ದ ಗುಡ್ಡಕ್ಕೆ ಇಬ್ಬರು ಸದಸ್ಯರಿದ್ದರು!

ತಾರೀಖುಗಳನ್ನು ಪಕ್ಕಪಕ್ಕ ಇಟ್ಟೆವು. ಮೇ 26, ಬ್ಲೂ ಬೆಲ್ ಫೋಲ್ಡ್‌ನ ಮಗು. ಜೂನ್ 7, ಲೀಡ್ಸ್‌ಗೆ ಇಬ್ಬರು ಸದಸ್ಯರನ್ನು ಕೊಟ್ಟ ಸುಧಾರಣಾ ಕಾಯ್ದೆಗೆ ರಾಜನ ಅಂಕಿತ. ನಡುವೆ 12 ದಿನ. ಆದರೆ ಮತ ಸಿಕ್ಕಿದ್ದು ವರ್ಷಕ್ಕೆ 10 ಪೌಂಡ್ ಬೆಲೆಯ ಮನೆ ಇದ್ದ ಗಂಡಸರಿಗೆ. ಆ ಮಗುವಿನ ಅಪ್ಪನಂಥವರಿಗೆ ಅಲ್ಲ. ಅಮ್ಮನಿಗಂತೂ ಅಲ್ಲವೇ ಅಲ್ಲ. ಗಂಡಸರಿಗೆ ಮಾತ್ರ ಎಂದು ಕಾಯ್ದೆಯಲ್ಲೇ ಬರೆದಿದ್ದರು. ಹೀಗೆ ಆರಿಸಿಬಂದ ಇಬ್ಬರಲ್ಲಿ ಒಬ್ಬ ಇಲ್ಲಿನ ಅಗಸೆನಾರಿನ ಗಿರಣಿ ಮನೆತನದ ಜಾನ್ ಮಾರ್ಷಲ್. ಇನ್ನೊಬ್ಬ ಥಾಮಸ್ ಮೆಕಾಲೆ. ಹೌದು, ಅದೇ ಮೆಕಾಲೆ. ಎರಡೇ ವರ್ಷದಲ್ಲಿ ಲೀಡ್ಸ್ ಬಿಟ್ಟು ಭಾರತಕ್ಕೆ ಬಂದು, 1835ರಲ್ಲಿ ನಮ್ಮ ದೇಶದ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು ಎಂದು ಟಿಪ್ಪಣಿ ಬರೆದವನು. ನಾನು ಇಂಗ್ಲಿಷ್ ಕಲಿತು ಈ ಊರಿಗೆ ಬಂದು ಕೂತಿರುವುದರ ಒಂದು ಎಳೆ ಇಲ್ಲಿಂದಲೇ ಹೊರಟಿದೆ ಅಂದಾಗ ಮಗಳಿಗೆ ನಂಬಲು ಆಗಲಿಲ್ಲ.

ಉಳಿದ ನೀಲಿ ಕಾರ್ಡುಗಳು ಬೇಗ ಮುಗಿದವು. ಸ್ನೋ ಹುಟ್ಟಿದ್ದು ಪಕ್ಕದ ಯಾರ್ಕ್‌ನಲ್ಲಿ, ಕೂಲಿಯವನ ಮಗ. ಕಲಿಕೆಯ ದಿನಗಳಲ್ಲೇ ಕಲ್ಲಿದ್ದಲ ಗಣಿಯ ಕಾಲರಾ ರೋಗಿಗಳನ್ನು ನೋಡಿದ್ದ. 1854ರಲ್ಲಿ ಬ್ರಾಡ್ ಸ್ಟ್ರೀಟ್‌ನ ಬಾವಿ ಪಂಪಿನ ಸುತ್ತ 600ಕ್ಕೂ ಹೆಚ್ಚು ಸಾವು. ಹತ್ತಿರದ ಬಿಯರ್ ಕಾರ್ಖಾನೆಯ ಆಳುಗಳು ಆ ನೀರು ಕುಡಿಯಲಿಲ್ಲ, ಬದುಕಿದರು. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ತೆಗೆಸಿದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ಗಬ್ಬುನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ಬಂತು. ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ಕಟ್ಟಿದರೂ ತಡೆಯಲಾಗಲಿಲ್ಲ. ಲಂಡನ್‌ನ ದೊಡ್ಡ ಒಳಚರಂಡಿಗೆ ಹಣ ಕೊಡುವ ಕಾಯ್ದೆ 18 ದಿನದಲ್ಲಿ ಪಾಸಾಯಿತು. ಬಡವರ ಮೂಗಿಗೆ ವರ್ಷಗಟ್ಟಲೆ ಹೊಡೆದ ನಾತ ಆಳುವವರ ಮೂಗಿಗೆ ಹೊಡೆದ ಮೇಲೆ 18 ದಿನ ಸಾಕಾಯಿತು.

1867ರಲ್ಲಿ ನಗರಗಳ ದುಡಿಯುವ ಗಂಡಸರಲ್ಲಿ ಬಹಳ ಜನರಿಗೆ ಮತ ಸಿಕ್ಕಿತು. ಮತದಾರರ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 1875ರಲ್ಲಿ ಪ್ರಧಾನಿ ಡಿಸ್ರೇಲಿ ಸರ್ಕಾರದ ಕಾಯ್ದೆ ಬಂತು. ನೀರು, ಚರಂಡಿ, ಆರೋಗ್ಯ ಅಧಿಕಾರಿ, ಎಲ್ಲವೂ ಈಗ ಊರಾಡಳಿತದ ಕರ್ತವ್ಯ. 'ಬೇಕಾದರೆ ಮಾಡಿಕೊಳ್ಳಬಹುದು' ಹೋಗಿ 'ಮಾಡಲೇಬೇಕು' ಬಂತು.

"ನೋಡಿದೆಯಾ? ಮತ ಬಂತು, ನೀರು ಬಂತು" ಅಂದೆ.

"ಅಷ್ಟೇ ಅಲ್ಲಮ್ಮ. ಪಾಶ್ಚರ್ 1861ರಲ್ಲಿ ಬರೆದ ಮೇಲೆ ಸೂಕ್ಷ್ಮಜೀವಿಯಿಂದ ರೋಗ ಬರುತ್ತೆ ಅಂತ ನಂಬೋಕೆ ಶುರುವಾಯ್ತು. ಸ್ನೋ ಹೇಳಿದ್ದು ಸರಿ ಅಂತ ಆಯ್ತು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಹೊಸ ಚರಂಡಿ ಇದ್ದ ಕಡೆ ಲಂಡನ್ ಉಳಿಯಿತು. ಅದೂ ಕಾರಣ. ಒಂದೇ ಕಾರಣ ಬರೆದ್ರೆ ಪೂರ್ತಿ ಮಾರ್ಕ್ಸ್ ಕೊಡಲ್ಲ."

ಅವಳು ಹೇಳಿದ್ದು ಸರಿ. ಜ್ಞಾನ ಇಲ್ಲದೆ ಬರೀ ಮತದಿಂದ ಚರಂಡಿ ಬರುತ್ತಿರಲಿಲ್ಲ. ಆದರೆ ಬೇಕರ್‌ನ ನಕ್ಷೆ 1833ರಲ್ಲೇ ಇತ್ತು. ಜ್ಞಾನ ಇದ್ದೂ 40 ವರ್ಷ ಕಾಯಬೇಕಾಯಿತಲ್ಲ? ನಾನು ಆ ಮಾತು ಬಿಡಲಿಲ್ಲ, ಅವಳು ತನ್ನದು ಬಿಡಲಿಲ್ಲ. ಕೊನೆಗೆ ಒಂದು ಹೊಸ ಕಾರ್ಡು ಮಾಡಿದಳು. ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಬಿಳಿ. ಅದರ ಮೇಲೆ '1654, ಲೀಡ್ಸ್' ಅಂತ ಬರೆದು ಎರಡು ಕಟ್ಟುಗಳ ನಡುವೆ ಇಟ್ಟಳು.

ಪರೀಕ್ಷೆಯ ಹಿಂದಿನ ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆವು. ಮೊಮ್ಮಗಳು ಅಜ್ಜಿಗೆ ಕಾಲರಾ ಕಥೆ ಹೇಳಿದಳು, ಅರ್ಧ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ. ಅವ್ವ ಪೂರ್ತಿ ಕೇಳಿಸಿಕೊಂಡಳು. ತಾನು ಹುಟ್ಟಿದ ಹಳ್ಳಿಯಲ್ಲಿ ಕೆರೆ ನೀರೇ ಕುಡಿಯುತ್ತಿದ್ದದ್ದು, ದನ ಇಳಿಯುತ್ತಿದ್ದದ್ದೂ ಅದೇ ಕೆರೆಗೆ ಅಂದಳು. ವಾಂತಿಭೇದಿಗೆ ತನ್ನ ತಂಗಿ ಹೋದದ್ದು ಹೇಳಿದಳು. ನನಗೆ ಒಬ್ಬಳು ಚಿಕ್ಕಮ್ಮ ಇದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ.

"ಎಷ್ಟು ವರ್ಷ ಆಗಿತ್ತು ಅಜ್ಜಿ ಅವರಿಗೆ?"

"ಎರಡು ತುಂಬಿರಲಿಲ್ಲ ಪುಟ್ಟಿ. ನನ್ನ ಸೊಂಟದ ಮ್ಯಾಲೇ ಇರ್ತಿತ್ತು ಕೂಸು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು ಕೇಳಿದಳು, "ಮತ್ತೆ ನಿಮ್ಮೂರಿಗೆ ನಳ ಯಾವಾಗ ಬಂತು ಅಜ್ಜಿ?"

ಅವ್ವ ನೆನಪಿಸಿಕೊಂಡಳು. ಇಸವಿ ಅವಳಿಗೆ ಗೊತ್ತಿಲ್ಲ. "ನನ್ನ ಮದುವೆಗೆ ಮುಂಚೆ. ಎಲೆಕ್ಷನ್ ಬಂದಿತ್ತು ನೋಡು, ಓಟು ಕೇಳಾಕೆ ನಮ್ಮ ಓಣಿಗೂ ಬಂದಿದ್ರು. ಅವ್ವ ನೀರಿನ ಕೊಡ ತಂದು ಅವರ ಮುಂದೆ ಇಟ್ಟು, ಇದನ್ನ ನೀವು ಕುಡೀರಿ ನೋಡೋಣ ಅಂದಿದ್ಲು."

ಮಗಳು ಫೋನನ್ನು ನನ್ನ ಕೈಗೆ ಕೊಟ್ಟು, ಆ ಬಿಳಿ ಕಾರ್ಡನ್ನು ತಿರುಗಿಸಿ ಏನೋ ಬರೆಯತೊಡಗಿದಳು.